ಮೇಸ್ತ್ರಿಯ ಮಂಡಿ

ಮೇಸ್ತ್ರಿಯ ಎರಡೂ ಮಂಡಿಗಳ ಮೇಲೆ ಅಂಗಾಲಿನ ಹಾಗೆ ಚರ್ಮ ಗಟ್ಟಿಯಾಗಿತ್ತು. ಕಪ್ಪಗೆ ಬಿರುಕುಬಿಟ್ಟು, ಬಿರುಕಿನ ತುಂಬ ಕೆಂಪು ಬಣ್ಣ. ಎಷ್ಟು ಉಜ್ಜಿದರೂ ಆ ಕೆಂಪು ಹೋಗುತ್ತಿರಲಿಲ್ಲ. ಬಸವನಗುಡಿ, ಚಾಮರಾಜಪೇಟೆಯ ಎಷ್ಟೋ ಮನೆಗಳಿಗೆ ಕನ್ನಡಿಯಂಥ ಕೆಂಪು ಗಾರೆ ನೆಲ ಹಾಕಿದ ಮಂಡಿ ಅದು.

ಮೊನ್ನೆ ನನ್ನ ಮೊಮ್ಮಗಳು ಮೊದಲ ಸಲ ಅಂಬೆಗಾಲಿಟ್ಟು ಬಂದು ನನ್ನ ಮಂಡಿ ಹಿಡಿದು ನಿಂತಳು. ಆ ಸಂತೋಷ ಬರೆಯುವಷ್ಟು ಓದು ನನಗಿಲ್ಲ. ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಮಗು ನನ್ನ ಮಂಡಿಯ ಒರಟು ಚರ್ಮವನ್ನು ಕೆರೆಯುತ್ತ ನಗುವಾಗ ಮೇಸ್ತ್ರಿ ನೆನಪಾದರು. ಹಿಂದೆಯೇ ಹಳೆಯ ಸಿಟ್ಟೂ ಬಂತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅವರ ಕೈಕೆಳಗೆ ಗಾರೆ ಬಾಣಲಿ ಹೊರುತ್ತಿದ್ದೆ. ನೆಲ ತೀಡುವ ಕರಣೆ ಹಿಡಿಯಬೇಕೆಂದು ನನಗೆ ಬಲು ಆಸೆ. "ಹೆಂಗಸ್ರು ಕರಣೆ ಹಿಡಿಯೋ ಪದ್ಧತಿ ಇಲ್ಲ ಅಮ್ಮಣ್ಣಿ" ಎಂದು ಅವರು ತಳ್ಳಿಹಾಕುವರು. ಭಾನುವಾರ ಚರ್ಚಿನಲ್ಲಿ ಕೇಳಿದ್ದನ್ನು ಮಾತ್ರ ವಾರವಿಡೀ ನನಗೆ ಒಪ್ಪಿಸುವರು.

"ಒಂದಿನ ಎಲ್ಲರ ಮಂಡೀನೂ ಯೇಸುಸ್ವಾಮಿ ಮುಂದೆ ಬಗ್ಗತ್ತೆ. ರಾಜಂದೂ, ಕೂಲಿಯೋನ್ದೂ. ಯಾರೂ ತಪ್ಪಿಸ್ಕೊಳಕ್ಕಾಗಲ್ಲ."

"ನಂದೂನಾ?"

"ನಿಂದೂನೂ."

"ಅಲ್ಲಿ ಬಗ್ಗೋ ಮಂಡಿ ಇಲ್ಲಿ ನೆಲ ತೀಡಕ್ಕೆ ಬಗ್ಗಬಾರ್ದಾ ಮೇಸ್ತ್ರಿ?"

"ಬಾಯಿ ಜಾಸ್ತಿ ಆಯ್ತು. ಗಾರೆ ಕಲಸು."

ನಾಲ್ಕು ವರ್ಷ ಇದೇ ಮಾತು, ಇದೇ ಬಾಣಲಿ. ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಬಸವನಗುಡಿಯ ಒಂದು ಮನೆಯಲ್ಲಿ ದೇವರ ಕೋಣೆಯ ನೆಲ ಹೊಸದಾಗಿ ಮಾಡುವುದಿತ್ತು. ಒಳಗೋಡೆಯಿಂದ ಶುರುಮಾಡಿ, ಮಂಡಿಯೂರಿ ತೀಡುತ್ತ ಹಿಂದೆ ಹಿಂದೆ ಸರಿದು ಬಾಗಿಲಿಗೆ ಬರುವುದು ಕ್ರಮ. ಆದರೆ ಒಳಗೋಡೆಯ ಗೂಡಿನಲ್ಲಿ ದೇವರ ಪಟವಿತ್ತು, ದೀಪ ಉರಿಯುತ್ತಿತ್ತು. ಅದಕ್ಕೆ ಮುಖಮಾಡಿ ಮಂಡಿಯೂರಲು ಅವರು ಸುತರಾಂ ಒಪ್ಪಲಿಲ್ಲ. ಬಾಗಿಲಿಂದಲೇ ಶುರುಮಾಡಿ, ಪಟಕ್ಕೆ ಬೆನ್ನು ಹಾಕಿ ಒಳಕ್ಕೆ ಸರಿಯತೊಡಗಿದರು.

"ಆಮೇಲೆ ಹೊರಗ್ ಹೆಂಗ್ ಬರ್ತೀರ?" ಎಂದೆ.

"ನಿಂಗ್ಯಾಕೆ ಅದೆಲ್ಲ?"

ಮಧ್ಯಾಹ್ನದ ಹೊತ್ತಿಗೆ ಬೆನ್ನಿಗೆ ಗೋಡೆ ತಗುಲಿತು. ಮುಂದೆ ಬಾಗಿಲವರೆಗೂ ಹಸಿ ನೆಲ. ಮನೆಯ ಅಜ್ಜಿ ಇಣುಕಿ ನೋಡಿ, "ಏನ್ ಮೇಸ್ತ್ರಿ, ದೇವರ ಪಕ್ಕದಲ್ಲೇ ಕೂತ್ಬಿಟ್ರಿ! ನಿಮಗೂ ಒಂದು ಮಂಗಳಾರತಿ ಎತ್ಲಾ?" ಎಂದು ನಕ್ಕರು. ಮೇಸ್ತ್ರಿಯ ಮುಖ ನೆಲಕ್ಕಿಂತ ಕೆಂಪಾಯಿತು.

ನಗುವ ಹೊತ್ತಲ್ಲ ಅದು. ಬಾಗಿಲ ಕಡೆ ಮೊದಲು ಹಾಕಿದ ಗಾರೆ ಬಿಗಿಯುತ್ತಿತ್ತು. ಆಗಲೇ ಕೊನೆಯ ಸಲ ತೀಡದಿದ್ದರೆ ಹೊಳಪು ಬರುವುದಿಲ್ಲ, ಇಡೀ ಕೋಣೆ ಅಗೆಯಬೇಕು. ಅವರು ಒಳಗಿದ್ದರು, ನಾನು ಬಾಗಿಲಲ್ಲಿದ್ದೆ. ಒಂದು ಗಳಿಗೆ ನನ್ನನ್ನೇ ನೋಡಿದರು.

"ಚೀಲದಲ್ಲಿ ಸಣ್ಣ ಕರಣೆ ಇದೆ. ತಗೋ."

ಹೊಸ್ತಿಲ ಮೇಲೆ ಗೋಣಿ ಹಾಸಿ ಮಂಡಿಯೂರಿದೆ. "ಒತ್ತಬೇಡ, ಜಾರಿಸು... ಕತ್ತೆ, ಜಾರಿಸು ಅಂದೆ!" ಅವರು ಕೂಗುತ್ತಲೇ ಇದ್ದರು. ಅರ್ಧ ಕೋಣೆ ತೀಡಿದೆ. ಆಮೇಲೆ ಹಲಗೆ ಹಾಸಿಕೊಟ್ಟೆ. ಅವರು ಹಲಗೆಯ ಮೇಲೆ ಮಂಡಿಯೂರಿ, ತಮ್ಮ ಗುರುತನ್ನು ತಾವೇ ತೀಡಿ ಅಳಿಸುತ್ತ ಹಿಂದೆ ಹಿಂದೆ ಬಂದರು. ಮುಖ ನೆಟ್ಟಗೆ ದೇವರ ಪಟದ ಕಡೆಗೇ! ತುಟಿ ಮಾತ್ರ ತಮ್ಮ ಸ್ವಾಮಿಯನ್ನು ಕರೆಯುತ್ತಿತ್ತು.

"ಈಗ ಯಾರ ಮುಂದೆ ಬಗ್ಗಿದ್ರಿ?" ಎಂದು ಚುಚ್ಚಿದೆ.

"ಅದು ಅವನಿಗ್ ಗೊತ್ತು" ಎಂದರು. ನಾನು ತೀಡಿದ ಕಡೆ ಬಗ್ಗಿ, ಓರೆಯಾಗಿ ಬಹಳ ಹೊತ್ತು ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ. "ಸೋಮವಾರದಿಂದ ಬಾಣಲಿ ಹೊರೋದಕ್ಕೆ ಬೇರೆಯವರನ್ನ ನೋಡು."

ಆ ಕರಣೆಯೇ ನನ್ನ ಮಕ್ಕಳನ್ನು ಸಾಕಿತು. ಚೆನ್ನಾಗಿದೆ ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಕೊನೆವರೆಗೂ ಬರಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ.

ಎಂಬತ್ತರ ದಶಕದಲ್ಲಿ ಅವರು ತೀರಿಕೊಂಡರು. ಅವರ ಸಮಾಧಿಯ ಮೇಲೆ ಕೆಂಪು ಗಾರೆ ಹಾಕಲು ನಾನೇ ಹೋದೆ. ಸುತ್ತಲೂ ಶಿಲುಬೆಗಳು. ಗೋಣಿ ಹಾಸಿ ಮಂಡಿಯೂರಿ, ಒತ್ತದೆ, ಜಾರಿಸಿ ಜಾರಿಸಿ ತೀಡಿದೆ. ಮುಖ ಕಾಣುವಷ್ಟು ಹೊಳಪು ಬಂದ ಮೇಲೆ ಕರಣೆ ಕೆಳಗಿಟ್ಟು ಹೇಳಿದೆ:

"ತಗೊಳ್ಳಿ ಮೇಸ್ತ್ರಿ, ನನ್ನ ಮಂಡೀನೂ ಬಗ್ತು. ಈಗಲಾದ್ರೂ ಚೆನ್ನಾಗಿದೆ ಅನ್ನಿ."