ಲೈನ್ ಡೆಲಿತ್ ಕಾಯುವ ಗೇಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಕ್ ಮರಗಳ ಕೆಳಗೆ ಮಂಡಿಯೂರಿ ಕೂತ ಡೆಲಿತ್ ಪ್ರಾಬರ್ಟ್, ಮೋರಿಯ ಕಂಬಿಗಳ ನಡುವೆ ಮೊಣಕೈವರೆಗೆ ತೋಳು ತೂರಿಸಿ ಕೊಳೆತ ಎಲೆ ಎಳೆದೆಳೆದು ಹಾಕುತ್ತಿದ್ದಾಳೆ. ಮಾರ್ಚ್ ತಿಂಗಳ ನೀರು, ನೋಡಿದರೇ ಮೈ ನಡುಗುತ್ತದೆ. ಗ್ಲೌಸ್ ಹಾಕಿಕೊಳ್ಳಬಾರದೇನೇ ಅಂದರೆ ಕೈಗೆ ಏನೂ ತಿಳಿಯಲ್ಲ ಅನ್ನುತ್ತಾಳೆ. ಕೊನೆಯ ಹಿಡಿ ಎಲೆ ಈಚೆ ಬಂದದ್ದೇ ತಡ, ದಾರಿಯ ಮೇಲೆ ಮಡುಗಟ್ಟಿದ್ದ ನೀರು ಗುಳುಗುಳು ಇಳಿದುಹೋಗುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಮಕ್ಕಳ ಗಾಡಿ ತಳ್ಳಿಕೊಂಡು ಬರುವವರಿಗೆ ಇಲ್ಲಿ ನೀರು ನಿಂತಿತ್ತು ಅನ್ನುವುದೂ ಗೊತ್ತಾಗುವುದಿಲ್ಲ.

"ಗೊತ್ತಾಗಬಾರದು ಕಣೇ," ಅನ್ನುತ್ತಾಳೆ, ತೋಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. "ಗೊತ್ತಾದ್ರೆ ನಾನು ಕೆಲಸ ಸರಿಯಾಗಿ ಮಾಡಿಲ್ಲ ಅಂತ."

ಪತ್ರಿಕೆಗೆ ಬರೆಯುವಾಗ ‘ಅವರು’ ಅನ್ನಬೇಕು, ಗೊತ್ತು. ಆದರೆ ಇಪ್ಪತ್ತು ವರ್ಷದಿಂದ ಜಗಳವಾಡಿಕೊಂಡು ಬಂದವಳಿಗೆ ಬಹುವಚನ ಹಚ್ಚಲು ನನ್ನಿಂದಾಗದು. ಓದುವವರು ಕ್ಷಮಿಸಬೇಕು.

ನಮ್ಮ ಕುಮ್ ಹೆಲಿಗ್ ಗಣಿ ಕಣಿವೆ. ವೇಲ್ಸ್‌ನ ಇಂಥ ಕಣಿವೆಗಳಲ್ಲಿ ಹಾಲು ತರಲು ಹೋದರೂ ಏರಬೇಕು, ಇಳಿಯಬೇಕು. ಸಮನಾದ ದಾರಿ ಅಂದರೆ ಒಂದೇ, ಹಳೆಯ ಕಲ್ಲಿದ್ದಲು ರೈಲಿನದು. ಭಾರದ ಬಂಡಿ ಎಳೆಯುವ ಎಂಜಿನ್‌ಗೆ ಏರು ಆಗದು ಅಂತ ಗುಡ್ಡದ ಸೊಂಟ ಬಳಸಿ ನಿಧಾನಕ್ಕೆ ಒಯ್ದ ದಾರಿ. ಗಣಿ ಮುಚ್ಚಿತು, ಹಳಿ ಕಿತ್ತರು, ಎರಡೂ ಬದಿಗೆ ಕಾಡು ಬೆಳೆಯಿತು. ಹೆಸರು ಮಾತ್ರ ಈಗಲೂ ‘ಲೈನ್’. ಭಾನುವಾರ ಊರಿಗೆ ಊರೇ ಅಲ್ಲಿರುತ್ತದೆ. ಮೂರು ಗಾಲಿ ಸೈಕಲ್ಲಿನ ಮಕ್ಕಳು, ಊರುಗೋಲಿನ ಅಜ್ಜಿಯರು, ನಾಯಿಗಳು, ಫ್ಲಾಸ್ಕಿನಲ್ಲಿ ಚಹ.

ಅದನ್ನೆಲ್ಲ ನೋಡಿಕೊಳ್ಳುವವಳು ಡೆಲಿತ್. ಹೊಲಿಗೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕೌನ್ಸಿಲ್‌ನವರು ಕೊಟ್ಟ ಕೆಲಸ. ವಾರಕ್ಕೆ ಮೂರು ದಿನ ಅಂತ ಹೆಸರಿಗೆ. ಅವಳು ಲೈನ್ ಮೇಲೆ ಇಲ್ಲದ ದಿನವನ್ನು ನಾನಂತೂ ಕಂಡಿಲ್ಲ. ಮುಳ್ಳುಪೊದೆ ಸವರುತ್ತಾಳೆ, ಬಿದ್ದ ಕೊಂಬೆ ಕೊಯ್ಯುತ್ತಾಳೆ, ನಾಯಿಗಳು ಮಾಡಿಟ್ಟದ್ದನ್ನು ಅವುಗಳ ಯಜಮಾನರನ್ನು ಬೈಯುತ್ತ ತೆಗೆಯುತ್ತಾಳೆ. ಬೀದಿಯ ಅರ್ಧ ಮನೆಗಳಿಗೆ ಒಂದೇ ಮನೆತನದ ಹೆಸರಿರುವ ಊರಿದು, ಹಾಗಾಗಿ ಕಸುಬು ಹಿಡಿದೇ ಕರೆಯುತ್ತಾರೆ. ಅವಳು ಲೈನ್ ಡೆಲಿತ್. ಔಷಧಿ ಅಂಗಡಿಯಲ್ಲಿ ಕೂರುವ ನಾನು ಮಾತ್ರೆ ವಸುಧಾ.

ಇಲ್ಲಿ ಮಗು ಹುಟ್ಟಿದರೆ ‘ಲೈನಿಗೆ ಕರೆದುಕೊಂಡು ಹೋಗುವುದು’ ಅಂತ ಒಂದು ಪದ್ಧತಿ ಇದೆ. ಮನೆಯ ಎಲ್ಲರಿಗಿಂತ ಹಿರಿಯರು ಗಾಡಿಗೆ ಕೈ ಹಚ್ಚಬೇಕು, ಕಲ್ಲಿದ್ದಲು ತುಂಬುತ್ತಿದ್ದ ಕಲ್ಲುಕಟ್ಟೆವರೆಗೆ ಹೋಗಿ ಬರಬೇಕು. ರೈಲು ಓಡುತ್ತಿದ್ದ ಕಾಲದಲ್ಲೂ ಭಾನುವಾರ ಬಂಡಿ ಇಲ್ಲದಾಗ ಹಳಿಯ ಪಕ್ಕದಲ್ಲೇ ಹೋಗಿ ಬರುತ್ತಿದ್ದರಂತೆ. ಚರ್ಚಿನ ಕಡೆ ತಲೆ ಹಾಕದವರೂ ಇದನ್ನು ಬಿಡುವುದಿಲ್ಲ. ನನ್ನ ಮಗಳು ಹುಟ್ಟಿದಾಗ ಅವಳ ಅಜ್ಜಿ ತಾತ ಇಬ್ಬರೂ ಧಾರವಾಡದಲ್ಲಿದ್ದರು. ಪಕ್ಕದ ಮನೆಯ ಮುದುಕಿ ಯಾರೂ ಕರೆಯದೆ ತಾನೇ ಬಂದು ಗಾಡಿಯ ಹಿಡಿ ಹಿಡಿದಳು. ಆವತ್ತಿನಿಂದ ನಾನು ಈ ಊರಿನವಳು.

ಹೋದ ಬೇಸಿಗೆಯಲ್ಲಿ ಲೈನ್ ಮೇಲೆ ಮೋಟರ್‌ಬೈಕುಗಳ ಕಾಟ ಶುರುವಾಯಿತು. ಒಂದು ಬೈಕಂತೂ ಪುಟ್ಟ ಮಗುವೊಂದನ್ನು ಸವರಿಕೊಂಡೇ ಹೋಯಿತು. ಡೆಲಿತ್ ಕೌನ್ಸಿಲ್‌ನವರ ಬೆನ್ನು ಬಿದ್ದು ದಾರಿ ಶುರುವಾಗುವಲ್ಲಿ ಕಬ್ಬಿಣದ ಗೇಟು ಹಾಕಿಸಿದಳು. ಒಂದಕ್ಕೊಂದು ವಾಲಿದ ಎರಡು ಚೌಕಟ್ಟು. ಕೆಳಗೆ ಅಗಲ, ಸೊಂಟದ ಎತ್ತರಕ್ಕೆ ಇಕ್ಕಟ್ಟು. ಬೈಕಿನ ಹ್ಯಾಂಡಲ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಕೂರಿಸುವ ದಿನ ಇವಳೇ ಎದುರು ನಿಂತು, ಮಕ್ಕಳ ಗಾಡಿಯೊಂದನ್ನು ತಂದು, ಅದು ಸಲೀಸಾಗಿ ದಾಟುವಷ್ಟು ಸಂದು ಬಿಡಿಸಿದಳು. ಇದ್ವಾಲ್ ತಾತನ ನೆನಪು ಅವಳಿಗೆ ಬರಲೇ ಇಲ್ಲ.

ಇದ್ವಾಲ್ ಮೆರೆಡಿತ್ ಹುಡುಗರಾಗಿದ್ದಾಗ ಇದೇ ಲೈನಿನ ಎಂಜಿನ್‌ಗೆ ಕಲ್ಲಿದ್ದಲು ತುಂಬಿದವರು. ಈಗ ಎಂಬತ್ತಾರು. ಎದೆಯಲ್ಲಿ ಧೂಳು ಕೂತಿದೆ. ಬೇಸಿಗೆಯಿಂದೀಚೆಗೆ ನಡೆಯಲಾಗದೆ, ಕೂತು ಓಡಿಸುವ ಬ್ಯಾಟರಿ ಗಾಡಿ ಹಿಡಿದಿದ್ದಾರೆ. ಯಾವ ಔಷಧಿ ತೆಗೆದುಕೊಳ್ಳುತ್ತಾರೆ ಅಂತ ನಾನು ಹೇಳಕೂಡದು. ಉಸಿರು ದಿನೇ ದಿನೇ ಗಿಡ್ಡವಾಗುತ್ತಿದೆ ಅನ್ನುವುದು ನೋಡಿದ ಯಾರಿಗಾದರೂ ತಿಳಿಯುತ್ತದೆ.

ಅವರ ಮೊಮ್ಮಗಳು ಲೌರಿಗೆ ಸೆಪ್ಟೆಂಬರ್‌ನಲ್ಲಿ ಹೆಣ್ಣು ಮಗು ಹುಟ್ಟಿತು, ಎಲಿನ್ ಅಂತ. ಒಂದು ಭಾನುವಾರ ತಾತ ಇಸ್ತ್ರಿ ಶರಟು ಹಾಕಿಕೊಂಡು ಮರಿಮೊಮ್ಮಗಳನ್ನು ಲೈನಿಗೆ ಕರೆದುಕೊಂಡು ಬಂದರು. ಮಗುವಿನ ಗಾಡಿ ದಾಟಿತು. ತಾತನ ಗಾಡಿಯ ತೋಳುಗಳು ಕಬ್ಬಿಣಕ್ಕೆ ತಾಗಿ ನಿಂತವು. ಹಿಂದೆ ತೆಗೆದು, ಓರೆ ಮಾಡಿ, ಮತ್ತೆ ನೋಡಿದರು. ಆಗಲಿಲ್ಲ. ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ ಅಂದರು. ಲೌರಿ ಮಗುವಿನ ಗಾಡಿಯನ್ನು ಹಿಂದಕ್ಕೆ ತಿರುಗಿಸಿದಳು. ತಾತನಿಲ್ಲದೆ ಎಲಿನ್ ಲೈನಿಗೆ ಹೋಗುವುದಿಲ್ಲ ಅಂತ ಅವಳ ಹಟ.

ಡೆಲಿತ್ ಅಲ್ಲೇ ಪೊದೆ ಸವರುತ್ತಿದ್ದಳು. ಆ ದಿನದ ಮಾತು ತೆಗೆದರೆ ಈಗಲೂ ಅವಳ ಕಣ್ಣು ತುಂಬುತ್ತದೆ.

"ಬೈದುಬಿಟ್ಟಿದ್ರೆ ಚೆನ್ನಾಗಿತ್ತು. ಆ ಮನುಷ್ಯ ನನ್ನ ನೋಡಿ ನಕ್ಕು, ಇವತ್ತು ಗಾಳಿ ಜಾಸ್ತಿ ಕಣಮ್ಮ, ಇನ್ನೊಂದಿನ ಬರ್ತೀವಿ ಅಂದ್ರು. ಒಂದೆಲೆ ಅಲ್ಲಾಡ್ತಿರಲಿಲ್ಲ."

ಕೌನ್ಸಿಲ್‌ನಲ್ಲಿ ಕೇಳಿದರೆ, ಗಾಲಿಕುರ್ಚಿಯವರ ಕೈಗೇ ಕೀಲಿ ಕೊಡುವ, ಬೀಗದ ಅಗಲ ಗೇಟು ಬಂದೇ ಬರುತ್ತದೆ, ಆದರೆ ಮುಂದಿನ ವರ್ಷ ಅಂದರು. ಇದ್ವಾಲ್ ತಾತನಿಗೆ ಮುಂದಿನ ವರ್ಷ ಅನ್ನುವುದೊಂದು ಇದೆಯೋ ಇಲ್ಲವೋ ಅಂತ ಊರಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಇರುವ ಗೇಟು ಕಿತ್ತುಹಾಕಿದರೆ ಮಕ್ಕಳು ಬೈಕಿಗೆ ಸಿಗುತ್ತಾರೆ. ಡೆಲಿತ್‌ಗೆ ಊಟ ಸೇರಲಿಲ್ಲ. ಕೊನೆಗೆ ಹಂಚಿನ ಮೇಲೆ ಒಣದ್ರಾಕ್ಷಿ ಬಿಲ್ಲೆಗಳನ್ನು ಸುಟ್ಟು, ಬಟ್ಟೆಯಲ್ಲಿ ಸುತ್ತಿಕೊಂಡು, ತಪ್ಪಾಯ್ತು ಅನ್ನಲು ತಾತನ ಮನೆಗೆ ಹೋದಳು. ಅವರು ಎರಡು ತಿಂದು, ದ್ರಾಕ್ಷಿ ಹಾಕೋಕೆ ಕೈ ಬರಲಿಲ್ವಾ ಅಂತ ಕಿಚಾಯಿಸಿ, ಆಮೇಲೆ ಹೇಳಿದರಂತೆ: "ನಮ್ಮ ಕಾಲದಲ್ಲಿ ಗೇಟು ಕೆಟ್ಟುಹೋದ್ರೆ ರೈಲು ನಿಲ್ಲಿಸ್ತಿರಲಿಲ್ಲ. ಗೇಟಿನ ಜಾಗದಲ್ಲಿ ಒಬ್ಬ ಮನುಷ್ಯನ್ನ ನಿಲ್ಲಿಸ್ತಿದ್ವಿ."

ಅಷ್ಟು ಸಾಕಾಯಿತು. ಮುಂದಿನ ಶನಿವಾರ ಬೆಳಗ್ಗೆ ಡೆಲಿತ್ ಸ್ಪ್ಯಾನರ್ ಹಿಡಿದು ಗೇಟಿನ ಒಂದು ಚೌಕಟ್ಟು ಬಿಚ್ಚಿಟ್ಟು, ಆ ಸಂದಿಯಲ್ಲಿ ತಾನೇ ನಿಂತಳು. ಗಾಲಿಕುರ್ಚಿ ಬಂದರೆ ಪಕ್ಕಕ್ಕೆ ಸರಿಯುತ್ತಾಳೆ, ಬೈಕು ಬಂದರೆ ಸರಿಯುವುದಿಲ್ಲ. ಮಧ್ಯಾಹ್ನ ಮತ್ತೆ ಬಿಗಿದು ಮನೆಗೆ. ಹೀಗೆ ಮಾಡ್ತಿದೀನಿ ಅಂತ ಕೌನ್ಸಿಲ್ ಅಧಿಕಾರಿಗೆ ಫೋನು ಮಾಡಿ ಹೇಳಿದ್ದೂ ಆಯಿತು. ಅಲ್ಲಿ ಗಾಳಿ ಸದ್ದು, ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ ಅಂದನಂತೆ ಆ ಪುಣ್ಯಾತ್ಮ.

ಚಳಿಗಾಲವಿಡೀ ತಾತನಿಗೆ ಹೊರಗೆ ಬರಲಾಗಲಿಲ್ಲ. ಎರಡು ಸಲ ಆಸ್ಪತ್ರೆಗೂ ಹೋಗಿ ಬಂದರು. ಡೆಲಿತ್ ಒಂದು ಶನಿವಾರವೂ ತಪ್ಪಿಸಲಿಲ್ಲ. ಮಳೆಯಲ್ಲಿ, ಆಲಿಕಲ್ಲಿನಲ್ಲಿ ನಿಂತವಳನ್ನು ಕಂಡು ನನಗೆ ಮೈ ಉರಿದು, ಹುಚ್ಚು ಹಿಡಿದಿದೆಯೇನೇ, ಅವರು ಬರಲ್ಲ ಅಂತ ಗೊತ್ತಿದ್ದೂ ಯಾಕೆ ಅಂತ ಗದರಿದ್ದೆ. ಬಂದ ದಿನ ಮುಚ್ಚಿರಬಾರದಲ್ಲ ಅಂದಿದ್ದಳು.

ಇವತ್ತೂ ಶನಿವಾರ. ತಾತ ಬಂದಿದ್ದಾರೆ. ಬಿಸಿಲು ಎಳೆಯದಾಗಿದೆ. ತಾತನ ಮೊಣಕಾಲ ಮೇಲೆ ಕಂಬಳಿ, ಮೂಗಿಗೆ ಆಮ್ಲಜನಕದ ಕೊಳವೆ. ಒಂದು ಕೈ ತಮ್ಮ ಗಾಡಿಯ ಹಿಡಿಯ ಮೇಲೆ, ಇನ್ನೊಂದು ಮಗುವಿನ ಗಾಡಿಯ ಮೇಲೆ. ಲೌರಿ ನಡುವೆ ನಡೆಯುತ್ತ ಎರಡನ್ನೂ ಸಂಭಾಳಿಸುತ್ತಿದ್ದಾಳೆ. ಡೆಲಿತ್ ಉಸಿರು ಬಿಗಿಹಿಡಿದು ಪಕ್ಕಕ್ಕೆ ಸರಿಯುತ್ತಾಳೆ. ಮೊದಲು ಎಲಿನ್, ಹಿಂದೆಯೇ ತಾತ. ಎಲ್ಲಿಯೂ ತಾಗಲಿಲ್ಲ.

ಸ್ವಲ್ಪ ಮುಂದೆ ಹೋಗಿ ತಾತ ಗಾಡಿ ನಿಲ್ಲಿಸಿ ತಿರುಗುತ್ತಾರೆ.

"ನಿನ್ನ ಯಾರಮ್ಮ ಲೈನಿಗೆ ಕರ್ಕೊಂಡು ಬಂದಿದ್ದು? ಅಜ್ಜಿನಾ?"

ಡೆಲಿತ್ ನೆಲ ನೋಡುತ್ತಾಳೆ. "ಯಾರೂ ಇಲ್ಲ ತಾತ. ನಾನು ಈ ಊರಿಗೆ ಬಂದಾಗ ಒಂಬತ್ತು ವರ್ಷ. ಅನಾಥಾಲಯದವರು ತಂದು ಒಂದು ಮನೇಲಿ ಬಿಟ್ರು. ಅಷ್ಟು ದೊಡ್ಡವಳನ್ನ ಯಾರು ಕರ್ಕೊಂಡು ಬರ್ತಾರೆ?"

ಇಷ್ಟು ವರ್ಷ ಅವಳು ಇಲ್ಲೇ ಹುಟ್ಟಿದವಳು ಅಂದುಕೊಂಡಿದ್ದೆ. ಕೇಳಿಯೇ ಇರಲಿಲ್ಲ. ತಾತ ಮತ್ತೆ ಮಾತಾಡಲು ಉಸಿರು ಕೂಡಿಸಿಕೊಳ್ಳುತ್ತಾರೆ.

"ಹಾಗಾದ್ರೆ ಬಾ."

ಗೇಟು ಯಾರು ಕಾಯ್ತಾರೆ ಅನ್ನುತ್ತಾಳೆ ಇವಳು. ತಾತ ಗದ್ದ ಎತ್ತಿ ನನ್ನನ್ನು ತೋರಿಸುತ್ತಾರೆ. "ಮಾತ್ರೆ ವಸುಧಾಗೇನು ಕಾಲಿಲ್ವಾ? ಬರೀ ಬರ್ಕೊಳ್ತಾ ನಿಂತಿದಾಳೆ."

ಹೀಗೆ ನಾನು ಗೇಟಾದೆ. ಡೆಲಿತ್ ಬರಿಗೈಯಲ್ಲಿ ಮುಂದೆ ಹೋಗಿ, ಕೈ ಎಲ್ಲಿಡಬೇಕೋ ತಿಳಿಯದೆ ನಿಲ್ಲುತ್ತಾಳೆ. ತಾತ ಆ ಕೈ ಹಿಡಿದು ಮಗುವಿನ ಗಾಡಿಯ ಹಿಡಿಯ ಮೇಲೆ, ತಮ್ಮ ಕೈಯ ಪಕ್ಕದಲ್ಲಿ ಇಡುತ್ತಾರೆ. ನಾಲ್ವರೂ ಮರಗಳ ನಡುವೆ ತಿರುವು ದಾಟುವವರೆಗೆ ನಾನು ನೋಡುತ್ತಿರುತ್ತೇನೆ. ನಡುವೆ ಒಂದು ಬೈಕು ಬಂತು. ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೇಳುವವರಿಗೆ ತೋರಿಸುವ ಮುಖ ತೋರಿಸಿದೆ, ವಾಪಸು ಹೋಯಿತು.

ಅವರು ಹಿಂದಿರುಗುವಾಗ ಮಧ್ಯಾಹ್ನವಾಗಿದೆ. ಎಲಿನ್ ನಿದ್ದೆ ಹೋಗಿದ್ದಾಳೆ, ತಾತನೂ ಅರ್ಧ ನಿದ್ದೆಯಲ್ಲಿದ್ದಾರೆ. ಅವರನ್ನು ಮನೆಯ ದಾರಿ ಹಿಡಿಸಿ ಬಂದು ಡೆಲಿತ್ ಚೌಕಟ್ಟನ್ನು ಮತ್ತೆ ಬಿಗಿಯಲು ಕೂರುತ್ತಾಳೆ. ಇಂಥ ಲೇಖನದ ಕೊನೆಗೆ ಕೇಳಲೇಬೇಕಾದ ಪ್ರಶ್ನೆಯೊಂದು ನನ್ನ ಹತ್ತಿರ ಉಳಿದಿತ್ತು. ಇನ್ನು ನಿನಗೇನಾಸೆ ಇದೆ ಹೇಳೇ ಅನ್ನುತ್ತೇನೆ.

ಅಗಲ ಗೇಟು ಬೇಗ ಬರಲಿ ಅನ್ನುತ್ತಾಳೆ. ಅದು ಊರಿಗಾಯಿತು, ನಿನಗೆ ಅಂತ ಏನು ಅಂದರೆ ತಲೆ ಎತ್ತುವುದಿಲ್ಲ. ಒಂದು ಬೋಲ್ಟು ಪೂರ್ತಿ ಬಿಗಿದಾದ ಮೇಲೆ ಮಾತಾಡುತ್ತಾಳೆ.

"ನನಗೇನೇ? ಇವತ್ತು ನನ್ನನ್ನೂ ಕರ್ಕೊಂಡು ಹೋದ್ರಲ್ಲ."