ಬುರುಡೆಗೆ ಮೆತ್ತಿದ ಮೇಣ

ಡಾಕ್ಟರಿಕೆ ಓದುವಾಗ ನನಗೆ ಚೆನ್ನಾಗಿ ಬರುತ್ತಿದ್ದದ್ದು ಮೇಣ ಮೆತ್ತುವ ಕೆಲಸವೊಂದೇ. ಪಾಠಕ್ಕೆಂದು ಇಟ್ಟಿದ್ದ ತಲೆಬುರುಡೆಗಳು ಹುಡುಗರ ಕೈಜಾರಿ ಒಡೆಯುತ್ತಿದ್ದವು. ಅರ್ಧದಷ್ಟನ್ನು ಒಡೆದವನು ನಾನೇ. ಆ ಪಾಪಕ್ಕೆ ಚೂರುಗಳನ್ನು ಅಂಟಿಸಿ, ಜೇನುಮೇಣಕ್ಕೆ ಸುಣ್ಣದ ಪುಡಿ ಬೆರೆಸಿ ಸಂದಿಗೆ ತುಂಬಿ, ಒಡೆದದ್ದೇ ತಿಳಿಯದಂತೆ ನುಣುಪು ಮಾಡಿಡುತ್ತಿದ್ದೆ.

ಒಂದು ದಿನ ಪೊಲೀಸ್ ದಫೇದಾರರೊಬ್ಬರು ಬಿಸ್ಕತ್ತಿನ ತಗಡಿನ ಡಬ್ಬ ತಂದು ನಮ್ಮ ಮೇಷ್ಟ್ರ ಮೇಜಿನ ಮೇಲಿಟ್ಟರು. ಒಳಗೆ ಚೂರಾದ ಬುರುಡೆ. ಹೊಲದ ಬದುವಿನಲ್ಲಿ ತಿಂಗಳುಗಟ್ಟಲೆ ಮಣ್ಣಿನಡಿ ಇದ್ದದ್ದು. ಹಣೆಯಲ್ಲೊಂದು ತೂತು, ಹಿಂದಲೆಯಲ್ಲೊಂದು. ಗುಂಡು ಹೊಡೆದವನು ಆಗಲೇ ಲಾಕಪ್ಪಿನಲ್ಲಿದ್ದ. ಸತ್ತವನು ಮಚ್ಚೆತ್ತಿಕೊಂಡು ಎದುರಿಗೆ ನುಗ್ಗಿ ಬಂದ ಎಂದು ಅವನ ಹೇಳಿಕೆ; ಓಡಿಹೋಗುತ್ತಿದ್ದವನಿಗೆ ಹಿಂದಿನಿಂದ ಹೊಡೆದ ಎಂದು ಪೊಲೀಸರ ವಾದ. ಕಂಡವರು ಯಾರೂ ಇರಲಿಲ್ಲ. ಗುಂಡು ಯಾವ ಕಡೆಯಿಂದ ಹೊಕ್ಕಿತು ಎಂಬುದರ ಮೇಲೆ ಆ ಮನುಷ್ಯನ ಕುತ್ತಿಗೆ ನಿಂತಿತ್ತು.

ಚೂರು ಜೋಡಿಸಿಡು ಎಂದು ಮೇಷ್ಟ್ರು ನನಗೆ ಹೇಳಿ ಹೋದರು. ನಾನು ಜೋಡಿಸಿ ಸುಮ್ಮನಿರುವ ಪೈಕಿಯೇ? ತೂತುಗಳ ಅಂಚು ಚಕ್ಕೆ ಎದ್ದು ವಿಕಾರವಾಗಿತ್ತು. ಒಳಗೂ ಹೊರಗೂ ಮೇಣ ತುಂಬಿ ಉಂಗುರದಷ್ಟು ದುಂಡಗೆ ಮಾಡಿದೆ. ಮೇಷ್ಟ್ರು ಭೂತಗನ್ನಡಿ ಹಿಡಿದು ಅರ್ಧ ಗಂಟೆ ತಿರುಗಿಸಿ ನೋಡಿದರು. ಅವರ ಕಣ್ಣಿಗೂ ಬೀಳದಷ್ಟು ಸೊಗಸಾಗಿತ್ತು ನನ್ನ ಕೆಲಸ. ಎರಡು ತೂತೂ ಒಂದೇ ಥರ ಇವೆ, ಏನೂ ಹೇಳಲಾಗದು ಎಂದೇ ನಾಳೆ ಬರೆದುಕೊಡುತ್ತೇನೆ ಎಂದರು.

ತೂತು ಹೇಳಬೇಕಾಗಿದ್ದಾದರೂ ಏನು ಎಂದು ಕೇಳಿದೆ. ಆ ಪಾಠ ಆಗುವಾಗ ನಾನು ಹಿಂದಿನ ಬೆಂಚಿನಲ್ಲಿ ನಿದ್ದೆಯಲ್ಲಿದ್ದೆ. ಗುಂಡು ಹೊಕ್ಕ ಕಡೆ ಮೂಳೆಯ ಒಳಮುಖದಲ್ಲಿ ಅಗಲವಾಗಿ ಚಕ್ಕೆ ಏಳುತ್ತದೆ, ಹೊರಟ ಕಡೆ ಹೊರಮುಖದಲ್ಲಿ ಎಂದು ಬೇಸರವಿಲ್ಲದೆ ವಿವರಿಸಿದರು.

ನನಗೆ ನಂಬಿಕೆ ಬರಲಿಲ್ಲ. ಕೃಷ್ಣಮೂರ್ತಿಪುರದಲ್ಲಿ ನಾನು ಉಳಿದುಕೊಂಡಿದ್ದ ದೊಡ್ಡಮ್ಮನ ಮನೆಗೆ ಹೋದವನೇ, ಸ್ನಾನದ ಒಲೆಗೆಂದು ಕೂಡಿಟ್ಟಿದ್ದ ತೆಂಗಿನ ಕರಟ ತೆಗೆದು ಮೊಳೆ ಹೊಡೆಯತೊಡಗಿದೆ. ಮೊದಲ ನಾಲ್ಕು ಸೀಳಿಹೋದವು. ಐದನೆಯದು ನನ್ನ ಹೆಬ್ಬೆರಳು.

"ಓದೋಕೆ ಅಂತ ಬಂದು ಬಡಗಿ ಕೆಲ್ಸ ಕಲೀತಿದೀಯೇನೋ?" ಎಂದರು ದೊಡ್ಡಮ್ಮ.

ಆರನೆಯದರಲ್ಲಿ ತೂತು ಬಿತ್ತು. ಹೊರಗೆ ಮೊಳೆಯಷ್ಟೇ ಸಣ್ಣದು. ಒಳಗೆ ತಿರುಗಿಸಿ ನೋಡಿದರೆ ಸುತ್ತಲೂ ಅಗಲಕ್ಕೆ ಚಕ್ಕೆ ಎದ್ದಿತ್ತು. ಇನ್ನೊಂದಕ್ಕೆ ಒಳಗಿನಿಂದ ಹೊಡೆದೆ, ಚಕ್ಕೆ ಹೊರಗೆದ್ದಿತು. ಖುಷಿಯಿಂದ ಕುಣಿಯಬೇಕೆನ್ನುವಷ್ಟರಲ್ಲಿ ಮೇಜಿನ ಮೇಲಿನ ಬುರುಡೆ ನೆನಪಾಯಿತು. ನಾನು ವಿಕಾರವೆಂದು ಮುಚ್ಚಿದ್ದು ಇದನ್ನೇ.

ಬೆಳಿಗ್ಗೆ ಮೇಷ್ಟ್ರು ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದೆ.

"ಸಾರ್, ಆ ತೂತಿನ ಸುತ್ತ ಮೇಣ ಮೆತ್ಬುಟ್ಟಿದೀನಿ."

"ಯಾಕಯ್ಯಾ?"

"ನೋಡೋಕೆ ಚೆನ್ನಾಗಿರ್ಲಿ ಅಂತ, ಸಾರ್."

"ಸತ್ತೋನಿಗೆ ಹೆಣ್ಣು ನೋಡೋಕೆ ಹೊರಟಿದ್ದೇನಯ್ಯಾ?"

ಕಾಲೇಜಿನಿಂದ ಓಡಿಸುತ್ತಾರೆಂದು ಕಾದೆ. ಅವರು ಬಿಸಿನೀರು, ಹತ್ತಿ ತರಿಸಿದರು. ಚಾಕು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೇಳಿ, ನನ್ನ ಕೈಯಲ್ಲೇ ಮೇಣ ಕರಗಿಸಿ ಒರೆಸಿಸಿದರು. ಮಧ್ಯಾಹ್ನದ ಹೊತ್ತಿಗೆ ಹಣೆಯ ತೂತಿನ ಒಳಮುಖದಲ್ಲಿ ಚಕ್ಕೆ ಎದ್ದ ಅಗಲ ಅಂಚು ಕಾಣಿಸಿತು. ಹಿಂದಲೆಯದು ಹೊರಮುಖದಲ್ಲಿ. ಗುಂಡು ಹಣೆಯಿಂದಲೇ ಹೊಕ್ಕಿತ್ತು.

ವರದಿಯಲ್ಲಿ ನನ್ನ ಮೇಣದ ಸಂಗತಿಯನ್ನೂ ಬರೆಸಿ, ಕೆಳಗೆ ನನ್ನ ರುಜು ಹಾಕಿಸಿದರು. ದಫೇದಾರರು ಅದನ್ನು ಎರಡು ಸಲ ಓದಿದರು.

"ಹಂಗಾದ್ರೆ ಅವನು ಹೇಳಿದ್ದು ನಿಜಾನಾ, ಸ್ವಾಮಿ?"

"ಅರ್ಧ ನಿಜ ಕಣ್ರೀ. ಎದುರಿಗೇ ಇದ್ದ. ಕೈಲಿ ಮಚ್ಚಿತ್ತೋ ಇಲ್ವೋ, ಈ ಬುರುಡೆ ಹೇಳಲ್ಲ."

ಉಳಿದ ಅರ್ಧವನ್ನು ಕೈಮೂಳೆ ಹೇಳೀತೇ ಎಂದು ಕೇಳಲು ಬಾಯಿ ತೆರೆದೆ. ಮೇಷ್ಟ್ರು ನನ್ನತ್ತ ನೋಡಿದರು. ಮುಚ್ಚಿಕೊಂಡೆ.