ಮೂರನೆಯ ತಮ್ಮನ ಕೊರಳ ಹಾರ

ಇಚಲಕರಂಜಿಯ ಶಹಾಪುರದವನಾದ ನಾನು, ಧನಪಾಲ, ಗಡಹಿಂಗ್ಲಜ ಕಡೆಯ ಒಂದು ಊರಿನಲ್ಲಿ ಹನ್ನೊಂದು ವರ್ಷ ಮಾಸ್ತರಿಕೆ ಮಾಡಿದೆ. ಅಷ್ಟು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸಿದವಳು ಹಣಮವ್ವ ಒಬ್ಬಳೇ. ಅದನ್ನು ಹೇಳಿಕೊಳ್ಳಲು ನನಗೀಗ ನಾಚಿಕೆಯಿಲ್ಲ, ಹೆಮ್ಮೆಯೇ.

ಅವಳದು ಕುರಿ ಸಾಕುವ ಮನೆ. ಅತ್ತೆ ಯಮುನವ್ವನಿಗೆ ಮೂವರು ಗಂಡುಮಕ್ಕಳು. ಹಿರಿಯ ಧೋಂಡಿಬಾ ಪಂಚಾಯ್ತಿ ಸದಸ್ಯ. ಎಪ್ಪತ್ತೆರಡನೇ ಇಸವಿಯಲ್ಲಿ ಊರ ಬಾವಿಯ ಕೆಲಸಕ್ಕೆಂದು ಕೊಲ್ಹಾಪುರಕ್ಕೆ ಹೋದವನು, ಬರುವಾಗ ಕಾಗಲದ ಹತ್ತಿರ ಲಾರಿಗೆ ಸಿಕ್ಕು ಸತ್ತ. ಅವನ ಜಾಗಕ್ಕೆ ಊರವರು ಎರಡನೆಯವ ಸಿದ್ದರಾಯನನ್ನು, ಅಂದರೆ ಹಣಮವ್ವನ ಗಂಡನನ್ನು, ತಂದರು. ಏಳು ವರ್ಷಕ್ಕೆ ಅವನೂ ಕಾಮಾಲೆಯಾಗಿ ತೀರಿಕೊಂಡ. ಉಳಿದವನು ಸತ್ಯಪ್ಪ. ಕೂಗು ಕೇಳಿದರೆ ಸಾಕು, ಯಾವ ಕುರಿಯೆಂದು ಹೇಳುತ್ತಿದ್ದ. ನಾಲ್ಕು ಜನರೆದುರು ಮಾತಾಡು ಎಂದರೆ ಬೆವರುತ್ತಿದ್ದ.

ಆ ಮನೆಯ ಗೋಡೆಗೆ ಧೋಂಡಿಬಾ ತಂದು ತೂಗುಹಾಕಿದ್ದ ಒಂದು ಚಿತ್ರವಿತ್ತು. ಅಮೆರಿಕದ ಕೆನಡಿ ಮನೆತನದ ಮೂವರು ಅಣ್ಣತಮ್ಮಂದಿರು, ಒಂದೇ ಚೌಕಟ್ಟಿನಲ್ಲಿ. ದೊಡ್ಡವನು ದೇಶ ಆಳಿದ, ಕೊಂದರು. ಅವನ ತಮ್ಮ ನಿಂತ, ಅವನನ್ನೂ ಕೊಂದರು. ಈ ಕಥೆ ಊರಿಗೆ ಹೇಳಿದವನು ನಾನೇ. ಊರವರು ಆ ಮನೆಯನ್ನೇ ಕೆನಡಿ ಮನೆ ಎನ್ನತೊಡಗಿದರು.

ಸಿದ್ದರಾಯನ ದಿನಕರ್ಮ ಮುಗಿದ ಮೇಲೆ ಮನೆಯ ಹಿರಿತನದ ರುಮಾಲನ್ನು ಸತ್ಯಪ್ಪನ ತಲೆಗೆ ಸುತ್ತಿದರು. ಎಂಬತ್ತರ ಬೇಸಿಗೆಗೆ ಚುನಾವಣೆ ಬಂತು. ರುಮಾಲು ಇದ್ದ ತಲೆಗೇ ಕುರ್ಚಿ ಎಂದು ಊರ ಹಿರಿಯ ದುಂಡಪ್ಪ ಅವರ ಮನೆಗೆ ಹೊರಟ. ಕರೆಯದಿದ್ದರೂ ನಾನು ಅವನ ಹಿಂದೆ.

"ಅಮೆರಿಕಾದಾಗೂ ಈ ವರ್ಷ ಮೂರನೇ ತಮ್ಮ ನಿಂತಾನ್ರಿ," ಎಂದು ಶುರುಮಾಡಿದವನು ಗೋಡೆ ನೋಡಿ ನಿಂತೆ. ಅಂದು ಅಮಾವಾಸ್ಯೆ. ಯಮುನವ್ವ ಸತ್ತ ಮಕ್ಕಳ ಫೋಟೋಗಳಿಗೆ ಹಾರ ಹಾಕಿ, ಪಾಪ, ಅವರೂ ಹೀಗೇ ಹೋದವರೆಂದು ಆ ಚಿತ್ರಕ್ಕೂ ಹಾಕಿದ್ದಳು. ಚೌಕಟ್ಟು ಒಂದೇ, ಹಾರವೂ ಒಂದೇ; ಮೂವರ ಕೊರಳಿಗೂ ಬಿದ್ದಿತ್ತು.

"ಯವ್ವಾ, ಮೂರನೇದಾಂವ ಇನ್ನೂ ಜೀವಂತ ಅದಾನ," ಎಂದುಬಿಟ್ಟೆ.

ಬದುಕಿರುವವರ ಫೋಟೋಗೆ ಯಾರಾದರೂ ಹಾರ ಹಾಕುತ್ತಾರೆಯೇ? ಮುದುಕಿ ಗೋಡೆ ನೋಡಿದಳು, ಸತ್ಯಪ್ಪನನ್ನು ನೋಡಿದಳು, ಅವನ ರಟ್ಟೆ ಹಿಡಿದುಕೊಂಡಳು. "ನನ್ನ ಕೈಯಾರೆ ಹಾಕೀನಿ. ಇವನ್ನ ಕಳಸಂಗಿಲ್ಲ. ಇವನೊಬ್ಬ ಉಳದಾನ."

"ಮನೆತನದ ಜಾಗಾ ಬಿಡಬಾರದವ್ವ," ಎಂದ ದುಂಡಪ್ಪ.

ಒಳಗಿನಿಂದ ಬಂದ ಹಣಮವ್ವ ಮಣೆ ಎಳೆದು, ಹತ್ತಿ, ಹಾರ ತೆಗೆದಳು. ಇಳಿದು ನನ್ನನ್ನು ಕೇಳಿದಳು: "ಮಾಸ್ತರ, ಆ ಮನ್ಯಾಗ ಹೆಣ್ಮಕ್ಕಳು ಇರಲಿಲ್ಲೇನ್ರಿ?"

"ಇದ್ದರು. ಒಬ್ಬಾಕಿ ಬುದ್ಧಿ ಬೆಳೀಲಾರದ ಮಕ್ಕಳ ಸಲವಾಗಿ ದೊಡ್ಡ ಆಟದ ಕೂಟಾ ಕಟ್ಯಾಳ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

ಉತ್ತರಕ್ಕೂ ಕಾಯದೆ ಅವಳು ದುಂಡಪ್ಪನತ್ತ ತಿರುಗಿದಳು.

"ರುಮಾಲು ಮೈದುನನ ತಲಿ ಮ್ಯಾಲೇ ಇರಲಿ. ನಾ ನಿಂದರತೇನಿ. ಗಂಡನ ಅರ್ಜಿ ಎಲ್ಲಾ ಯಾರು ಬರೀತಿದ್ರು, ಊರಿಗೆ ಗೊತ್ತೈತಿ."

ಊರಿಗೆ ಗೊತ್ತಿತ್ತು, ಗೆಲ್ಲಿಸಿತು. ಧೋಂಡಿಬಾನ ಬಾವಿಯನ್ನು ಮುಗಿಸಿದವಳೂ ಅವಳೇ.

ಮಳೆಗಾಲದಲ್ಲಿ ಪೇಪರ್ ಹಿಡಿದು ಅವರ ಮನೆಗೆ ಹೋದೆ. ಅಮೆರಿಕದ ಮೂರನೆಯ ತಮ್ಮ ಸೋತಿದ್ದ. ಅವನ ಪಕ್ಷದವರೇ ಬೇರೊಬ್ಬನನ್ನು ನಿಲ್ಲಿಸಿದ್ದರು. ಹೊರಗೆ ಸತ್ಯಪ್ಪ ಕುರಿಗಳನ್ನು ದಡ್ಡಿಗೆ ಅಟ್ಟುತ್ತಿದ್ದ. ಯಮುನವ್ವ ಅವನ ದನಿ ಕೇಳುತ್ತ ಕೂತಿದ್ದಳು. ಸುದ್ದಿ ಓದಿ ಹೇಳಿದೆ.

"ಸೋತಾನ?" ಎಂದಳು. "ಅವರವ್ವ ಅದಾಳೇನ್ರಿ?"

"ಅದಾಳ. ತೊಂಬತ್ತು ವಯಸ್ಸು."

"ಚಲೋ ಆತು," ಎಂದಳು ಮುದುಕಿ. "ಇನ್ನರ ಆಕಿ ನಿದ್ದಿ ಮಾಡಲಿ."